ಮಲ್ಲಿತಮ್ಮನ ಜಾಡು: ಗ್ರಂಥಾಲಯದ ಕ್ಯಾಟಲಾಗು, ಡೇಟಾಬೇಸುಗಳಲ್ಲಿ ಒಬ್ಬ ಹೊಯ್ಸಳ ಶಿಲ್ಪಿಯ ಹುಡುಕಾಟ

ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ಹಲವು ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕೊರೆದಿದೆ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ಒಂದೇ ಅಕ್ಷರ, ‘ಮ’. ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯಕ್ಕೂ ಇದೇ ಹೆಸರು ತಳುಕು ಹಾಕಿಕೊಂಡಿದೆ. ಅಮೃತಾಪುರದ ಗುಡಿ 1196ರದು. ಸೋಮನಾಥಪುರದ್ದು 1258ರದು. ನಡುವೆ 62 ವರ್ಷ. ಒಬ್ಬನೇ ರೂವಾರಿ ಅಷ್ಟು ಕಾಲ ಉಳಿ ಹಿಡಿದಿದ್ದನೇ, ಅಥವಾ ಒಂದೇ ಹೆಸರಿನ ಇಬ್ಬರಿದ್ದರೇ?

ಕಲಾ ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಈ ಪ್ರಶ್ನೆಯನ್ನು ಕಿರುಪ್ರಬಂಧಕ್ಕೆ ಎತ್ತಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ಅವಳಿಗೆ ಬೇಕಾದದ್ದು ಮೂರು. ಶಿಲ್ಪಿಗಳ ಸಹಿಗಳನ್ನು ಪಟ್ಟಿ ಮಾಡಿರುವ ಪ್ರತಿಯೊಂದು ಮುದ್ರಿತ ಮೂಲ, ಆ ಸಹಿಗಳ ಬಗ್ಗೆ ವಿದ್ವಾಂಸರು ನಡೆಸಿರುವ ಚರ್ಚೆ, ಮತ್ತು ಸಹಿ ಓದಲು ಬರುವಷ್ಟು ಸ್ಪಷ್ಟವಾದ ಫೋಟೊಗಳು. ಕೈಯಲ್ಲಿರುವುದು ಮೂರು ವಾರ. ಈ ಹುಡುಕಾಟ ಎಲ್ಲಿ ಮುಗ್ಗರಿಸುತ್ತದೆ, ಏಕೆ, ಹೇಗೆ ದಾರಿಗೆ ಬರುತ್ತದೆ ಎಂಬುದು ಈ ಬರಹದ ವಿಷಯ.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಅವಳೂ ಮಾಡುತ್ತಾಳೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗಿನಲ್ಲಿ ‘ಮಲ್ಲಿತಮ್ಮ’ ಎಂದು ಕನ್ನಡದಲ್ಲಿ ಟೈಪು ಮಾಡುತ್ತಾಳೆ. ಏನೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೂ ಅದೇ ಕಥೆ. ಗೂಗಲ್‌ನಲ್ಲಿ ಪ್ರವಾಸಿ ತಾಣಗಳ ಪುಟಗಳು ಸಾಲುಗಟ್ಟಿ ಬರುತ್ತವೆ, ಆದರೆ ಎಲ್ಲವೂ ಒಂದೇ ವಾಕ್ಯವನ್ನು ಒಂದರಿಂದೊಂದು ನಕಲು ಮಾಡಿದವು. ಇಲ್ಲಿಗೆ ಬಂದು ‘ಈ ವಿಷಯದ ಮೇಲೆ ಯಾರೂ ಬರೆದಿಲ್ಲ’ ಎಂದು ತೀರ್ಮಾನಿಸುವವರು ಬಹಳ ಮಂದಿ. ಆ ತೀರ್ಮಾನವೇ ತಪ್ಪು.

ಕ್ಯಾಟಲಾಗು ಪುಸ್ತಕದ ಒಳಗನ್ನು ಓದಿರುವುದಿಲ್ಲ. ಒಂದು ಪುಸ್ತಕಕ್ಕೆ ಒಂದು ದಾಖಲೆ. ಅದರಲ್ಲಿ ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಪುಟಸಂಖ್ಯೆ, ಮಾಲೆಯ ಹೆಸರು, ಎರಡೋ ಮೂರೋ ವಿಷಯಶೀರ್ಷಿಕೆ, ಇಷ್ಟೇ. ಪುಸ್ತಕದ ಮಧ್ಯದಲ್ಲೆಲ್ಲೋ ಬರುವ ಶಿಲ್ಪಿಯ ಹೆಸರು ಆ ದಾಖಲೆಗೆ ಹತ್ತುವುದೇ ಇಲ್ಲ. ಆದ್ದರಿಂದ ನಮಗೆ ಬೇಕಾದದ್ದನ್ನು ಕೇಳಿ ಪ್ರಯೋಜನವಿಲ್ಲ, ದಾಖಲೆ ತಯಾರಿಸಿದವರ ಕಣ್ಣಿಗೆ ಬಿದ್ದಿರಬಹುದಾದದ್ದನ್ನು ಕೇಳಬೇಕು. ‘ಮಲ್ಲಿತಮ್ಮ’ ಎಂಬ ಪ್ರಶ್ನೆಯನ್ನು ಒಡೆದರೆ ಅಂಥ ನಾಲ್ಕು ಎಳೆ ಸಿಗುತ್ತವೆ: ಊರು (ಸೋಮನಾಥಪುರ, ಅಮೃತಾಪುರ, ಇದೇ ಹೆಸರು ಸಿಗುವ ಇನ್ನೊಂದು ಊರಾದ ನುಗ್ಗೇಹಳ್ಳಿ), ರಾಜವಂಶ (ಹೊಯ್ಸಳ), ದಾಖಲೆಯ ಬಗೆ (ಶಾಸನ ಸಂಪುಟ, ವಾರ್ಷಿಕ ವರದಿ, ದೇವಾಲಯದ ಮೇಲಿನ ಬಿಡಿ ಹೊತ್ತಗೆ), ಮತ್ತು ಅದನ್ನು ಹೊರತಂದಿರಬಹುದಾದ ಸಂಸ್ಥೆ (ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ). ಹುಡುಕಾಟ ಶುರುವಾಗುವುದು ಇಲ್ಲಿಂದ. ಶಿಲ್ಪಿಯ ಹೆಸರನ್ನು ಪೂರ್ಣಪಠ್ಯ ಸಿಗುವ ಜಾಗಗಳಿಗೆ ಮೀಸಲಿಡಬೇಕು.

ಊರಿನ ಹೆಸರು ಎಷ್ಟು ವೇಷ ಹಾಕುತ್ತದೆ

ಊರಿನ ಹೆಸರು ಹಾಕಿದ ಕೂಡಲೇ ಮುಂದಿನ ತೊಡಕು. ರೋಮನ್ ಲಿಪಿಯಲ್ಲಿ ಸೋಮನಾಥಪುರಕ್ಕೆ ಕನಿಷ್ಠ ನಾಲ್ಕು ಕಾಗುಣಿತಗಳಿವೆ. ಕೊನೆಯ ‘ಎ’ ಇರುವುದು ಮತ್ತು ಇಲ್ಲದ್ದು, ‘ಎಂ’ ಆದಮೇಲೆ ‘ಎ’ ಇರುವುದು ಮತ್ತು ಇಲ್ಲದ್ದು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಸೋಮನಾಥಪುರ್’ ಹೆಚ್ಚು, ಹಿಂದಿಯ ಉಚ್ಚಾರಣೆಗೆ ಒಗ್ಗಿದವರ ಬರಹದಲ್ಲಿ ‘ಸೋಮ್ನಾಥ್‌ಪುರ್’. ಪದದ ಬುಡವನ್ನು ಬರೆದು ನಕ್ಷತ್ರ ಚಿಹ್ನೆ (*) ಹಾಕಿದರೆ ಬಾಲದ ವ್ಯತ್ಯಾಸಗಳೆಲ್ಲ ಒಟ್ಟಿಗೆ ಬರುತ್ತವೆ. ಆದರೆ ನಡುವಿನ ‘ಎ’ ಇಲ್ಲದ ರೂಪಕ್ಕೆ ನಕ್ಷತ್ರ ಹಾಕಿದಿರೋ, ಗುಜರಾತಿನ ಸೋಮನಾಥ ದೇವಾಲಯದ ಮೇಲಿನ ಪುಸ್ತಕಗಳು ಹಿಂಡುಗಟ್ಟಿ ಬಂದುಬಿಡುತ್ತವೆ. ಬೇಲೂರಿನದೂ ಇದೇ ಪಾಡು. ಕೋಲ್ಕತ್ತದ ಹತ್ತಿರದ ಬೇಲೂರು ಮಠದ ಸಾಹಿತ್ಯವೇ ಪುಟಗಟ್ಟಲೆ.

ಪರಿಹಾರ ಸರಳ. ಕಾಗುಣಿತಗಳನ್ನೆಲ್ಲ ಒಂದು ಆವರಣದೊಳಗೆ ‘ಆರ್’ (OR, ಇವುಗಳಲ್ಲಿ ಯಾವುದಾದರೂ ಒಂದು) ಹಾಕಿ ಜೋಡಿಸಿ, ಹೊಯ್ಸಳ, ಮೈಸೂರು, ಕರ್ನಾಟಕ ಎಂಬ ಪದಗಳನ್ನು ಇನ್ನೊಂದು ಆವರಣದೊಳಗೆ ‘ಆರ್’ ಹಾಕಿ ಜೋಡಿಸಿ, ಎರಡೂ ಆವರಣಗಳ ನಡುವೆ ‘ಆಂಡ್’ (AND, ಎರಡೂ ಇರಬೇಕು) ಹಾಕಿ. ಈ ಜೋಡಣೆ ಪದಗಳನ್ನು ರೋಮನ್ ದೊಡ್ಡಕ್ಷರಗಳಲ್ಲೇ ಬರೆಯಬೇಕು. ಸಣ್ಣಕ್ಷರದಲ್ಲಿ ಬರೆದರೆ ಹಲವು ವ್ಯವಸ್ಥೆಗಳು ಅವನ್ನೂ ಸಾದಾ ಪದ ಎಂದೇ ಎಣಿಸುತ್ತವೆ. ‘ನಾಟ್’ (NOT, ಇದು ಇರಬಾರದು) ಬಳಸಿ ಗುಜರಾತನ್ನೋ ಬಂಗಾಳವನ್ನೋ ತೆಗೆದುಹಾಕುವ ಆಸೆ ಬರುತ್ತದೆ, ಬೇಡ. ಭಾರತದ ದೇವಾಲಯಗಳ ಒಳ್ಳೆಯ ಸಮಗ್ರ ಗ್ರಂಥವೊಂದರ ದಾಖಲೆಯಲ್ಲಿ ಗುಜರಾತ್ ಎಂಬ ಪದವೂ ಇದ್ದರೆ ಅದೂ ಕೊಚ್ಚಿಹೋಗುತ್ತದೆ.

19ನೆಯ ಶತಮಾನಕ್ಕೆ ಹೋದರೆ ಕಾಗುಣಿತ ಇನ್ನೂ ದೂರ ಸರಿಯುತ್ತದೆ. ರಿಚರ್ಡ್ ಬ್ಯಾನರ್ ಓಕ್ಲಿ 1856ರಲ್ಲಿ ತೆಗೆದ ಹಳೇಬೀಡಿನ ಫೋಟೊಗಳ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದರ ಶೀರ್ಷಿಕೆಯಲ್ಲಿ ಊರಿನ ಹೆಸರು ‘ಹಲ್ಲಿಬೀಡ್’, ಎರಡು ‘ಎಲ್’, ಎರಡು ‘ಇ’. ಗುಡಿಗೆ ಅಲ್ಲಿ ‘ಪಗೋಡ’ ಎಂದಿದೆ. ಇಂದಿನ ಕಾಗುಣಿತ ಹಾಕಿ, ‘ಟೆಂಪಲ್’ ಎಂದು ಹುಡುಕುವವರ ಕೈಗೆ ಅದು ಸಿಗದು. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಪಾದಿಸಿದ ಲೂಯಿಸ್ ರೈಸ್ ಬೇಲೂರನ್ನು ಬರೆಯುವಾಗ ದೀರ್ಘ ಸ್ವರಗಳ ನೆತ್ತಿಗೆ ಟೋಪಿಯಂಥ ಚಿಹ್ನೆ ಹಾಕುತ್ತಾರೆ. ಸ್ಕ್ಯಾನ್ ಆದ ಪಠ್ಯದಲ್ಲಿ ಆ ಅಕ್ಷರ ಇನ್ನಾವುದೋ ಆಗಿ ಕೂತಿರುತ್ತದೆ.

ಶೈಲಿಯ ಹೆಸರಿನಲ್ಲೂ ಇಂಥದೇ ಬಲೆ ಇದೆ, ಇದು ಕಾಗುಣಿತಕ್ಕಿಂತ ಆಳದ್ದು. ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಹಳೇಬೀಡಿನ ವಾಸ್ತುವನ್ನು ‘ಚಾಲುಕ್ಯ ಶೈಲಿ’ಯೊಳಗೆ ಸೇರಿಸಿದರು. ಅವರ ವರ್ಗೀಕರಣವನ್ನು ಹಿಡಿದು ಬಂದವರ ಪುಸ್ತಕದಲ್ಲಿ ‘ಹೊಯ್ಸಳ’ ಶೀರ್ಷಿಕೆಗೇ ಬರದೆ ‘ಚಾಲುಕ್ಯ’ದ ಅಡಿಯಲ್ಲಿ ಇರಬಹುದು. ಆಮೇಲೆ ವೇಸರ ಎಂದವರಿದ್ದಾರೆ, ಕರ್ನಾಟ-ದ್ರಾವಿಡ ಎಂದವರಿದ್ದಾರೆ. ಪದವೊಂದನ್ನು ಯಾವ ಕಾಲದ ವಿದ್ವಾಂಸರು ಬಳಸುತ್ತಿದ್ದರು ಎಂಬ ಅರಿವೂ ಹುಡುಕುವ ಕೌಶಲದ ಭಾಗವೇ.

ಕನ್ನಡ ಪುಸ್ತಕ, ರೋಮನ್ ದಾಖಲೆ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಭಾರತದ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೂ ಹಂಚತೊಡಗಿತು. ಹಾಗಾಗಿ ಇಲ್ಲಿ ಪ್ರತಿ ಸಿಗದ ಎಷ್ಟೋ ಕನ್ನಡ ಪುಸ್ತಕಗಳ ಅಚ್ಚುಕಟ್ಟಾದ ದಾಖಲೆ ಅಲ್ಲಿದೆ. ಶಿಕಾಗೋದಂಥ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಪುಸ್ತಕವೂ ಇರಬಹುದು. ಆದರೆ ಆ ದಾಖಲೆಗಳು ಹೆಚ್ಚಾಗಿ ರೋಮನ್ ಲಿಪಿಯಲ್ಲಿವೆ, ಅದೂ ನಾವು ಫೋನಿನಲ್ಲಿ ಬರೆಯುವ ರೋಮನ್ ಅಲ್ಲ. ಅದರ ನಿಯಮ ತಿಳಿಯದೆ, ಜಗತ್ತಿನ ಹಲವು ಗ್ರಂಥಾಲಯಗಳ ಒಟ್ಟು ಕ್ಯಾಟಲಾಗಾದ ವರ್ಲ್ಡ್‌ಕ್ಯಾಟ್‌ನಲ್ಲಿ ಕನ್ನಡ ಪುಸ್ತಕ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ.

ನೆನಪಿಡಬೇಕಾದದ್ದು ಹೆಚ್ಚೇನಿಲ್ಲ. ಶ ಮತ್ತು ಷ ಎರಡಕ್ಕೂ ಬರೀ ‘ಎಸ್’, ‘ಎಚ್’ ಇಲ್ಲ. ಒಂದಕ್ಕೆ ಮೇಲೆ ಓರೆಗೆರೆ, ಇನ್ನೊಂದಕ್ಕೆ ಕೆಳಗೆ ಚುಕ್ಕಿ, ಅಷ್ಟೇ ವ್ಯತ್ಯಾಸ. ಶಿಲ್ಪ, ಶಾಸನ ಎಂಬ ಪದಗಳನ್ನು ‘ಎಸ್‌ಎಚ್’ ಹಾಕಿ ಹುಡುಕಿದರೆ ಒಂದೂ ಸಿಗದು, ಬರೀ ‘ಎಸ್’ ಹಾಕಿದರೆ ಸಿಗುತ್ತವೆ. ಚ ಎಂದರೆ ಬರೀ ‘ಸಿ’. ಚೆನ್ನಕೇಶವ ಶುರುವಾಗುವುದು ‘ಸಿಇ’ಯಿಂದ. ತ ಎಂದರೆ ಬರೀ ‘ಟಿ’. ಮಲ್ಲಿತಮ್ಮನನ್ನು ‘ಟಿಎಚ್’ ಹಾಕಿ ಬರೆಯುವುದು ನಮ್ಮ ರೂಢಿ, ಗ್ರಂಥಾಲಯದ್ದಲ್ಲ. ಕೃ ಎಂಬಲ್ಲಿ ‘ಕೆಆರ್’ ಆದಮೇಲೆ ‘ಐ’ ಆಗಲಿ ‘ಯು’ ಆಗಲಿ ಇಲ್ಲ. ಸೊನ್ನೆ ಮುಂದಿನ ವ್ಯಂಜನಕ್ಕೆ ತಕ್ಕಂತೆ ಬದಲಾಗುತ್ತದೆ: ಸಂಪುಟದಲ್ಲಿ ‘ಎಂ’, ಸಂಗ್ರಹದಲ್ಲಿ ‘ಎನ್’. ಗೆರೆ, ಚುಕ್ಕಿಗಳನ್ನು ಟೈಪು ಮಾಡಬೇಕಾಗಿಲ್ಲ. ಬಹುತೇಕ ಕ್ಯಾಟಲಾಗುಗಳು ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಕ್ಷರ ಸರಿಯಿದ್ದರೆ ಸಾಕು.

ವಿಭಕ್ತಿ ಪ್ರತ್ಯಯಗಳ ಕಾಟವೂ ಇದೆ. ಶೀರ್ಷಿಕೆಯಲ್ಲಿ ‘ಹೊಯ್ಸಳರ’ ಎಂದಿದ್ದರೆ ‘ಹೊಯ್ಸಳ’ ಎಂದು ಕೊಟ್ಟ ಪದ ಅದನ್ನು ಮುಟ್ಟುವುದಿಲ್ಲ. ‘ದೇವಾಲಯಗಳು’, ‘ದೇವಾಲಯದ’, ‘ದೇವಾಲಯಗಳಲ್ಲಿ’ ಎಲ್ಲವೂ ಯಂತ್ರಕ್ಕೆ ಬೇರೆ ಬೇರೆ ಪದಗಳು. ಕನ್ನಡದಲ್ಲಿ ಹುಡುಕುವಾಗ ಬುಡಕ್ಕೆ ನಕ್ಷತ್ರ ಹಾಕುವುದು ಅಭ್ಯಾಸವಾಗಬೇಕು.

ಕನ್ನಡ ಲಿಪಿಯಲ್ಲೇ ದಾಖಲಿಸುವ ನಮ್ಮ ಗ್ರಂಥಾಲಯಗಳಲ್ಲಿ ಬೇರೊಂದು ಕಣ್ಣಿಗೆ ಕಾಣದ ದೋಷ ಎದುರಾಗುತ್ತದೆ. ‘ಹೊ’ ಎಂಬ ಅಕ್ಷರದ ಒ-ಕಾರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಕೂಡಿಸಬಹುದು. ಒಂದೇ ಚಿಹ್ನೆಯಾಗಿ, ಇಲ್ಲವೇ ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಸೇರಿಸಿ. ಪರದೆಯ ಮೇಲೆ ಎರಡೂ ಒಂದೇ. ದಾಖಲೆ ತುಂಬಿಸಿದವರ ಕೀಲಿಮಣೆ ಒಂದು ಬಗೆಯದು, ಹುಡುಕುವವರದು ಇನ್ನೊಂದು, ಕ್ಯಾಟಲಾಗಿನ ತಂತ್ರಾಂಶ ಎರಡನ್ನೂ ಸಮ ಮಾಡಿಕೊಳ್ಳುವುದಿಲ್ಲ ಎಂದಾದರೆ ‘ಹೊಯ್ಸಳ’ ಎಂಬ ಪದವೇ ಸೊನ್ನೆ ಫಲಿತಾಂಶ ಕೊಡುತ್ತದೆ. ದೀರ್ಘದ ಗುರುತಿರುವ ಈ-ಕಾರ, ಏ-ಕಾರ, ಓ-ಕಾರ, ಮತ್ತು ಐ-ಕಾರಕ್ಕೂ ಇದೇ ಅಪಾಯ. ಅನುಮಾನ ಬಂದರೆ ಇಂಥ ಚಿಹ್ನೆಗಳಿಲ್ಲದ ಪದ ಹಾಕಿ ನೋಡಬೇಕು: ಶಿಲ್ಪ, ವಾಸ್ತು, ಶಾಸನ, ಕಲಾ. ಅವುಗಳಲ್ಲಿ ಹೊಯ್ಸಳ ಪುಸ್ತಕವೊಂದು ಕಾಣಿಸಿಕೊಂಡರೆ, ಆ ದಾಖಲೆಯ ಶೀರ್ಷಿಕೆಯಿಂದಲೇ ‘ಹೊಯ್ಸಳ’ ಪದವನ್ನು ನಕಲು ಮಾಡಿ ಹುಡುಕುವ ಪೆಟ್ಟಿಗೆಗೆ ಅಂಟಿಸಿ. ಫಲಿತಾಂಶ ಬದಲಾದರೆ ದೋಷ ಅಲ್ಲಿಯೇ ಇದೆ.

ಒಂದು ಒಳ್ಳೆಯ ದಾಖಲೆ ಸಿಕ್ಕಮೇಲೆ

ಈ ದಾರಿಯಲ್ಲಿ ವಿದ್ಯಾರ್ಥಿನಿಗೆ ಸಿಗುವ ಮೊದಲ ಗಟ್ಟಿ ಕೊಂಡಿ ಆರ್. ನರಸಿಂಹಾಚಾರ್ ಬರೆದ, ಸೋಮನಾಥಪುರದ ಕೇಶವ ದೇವಾಲಯದ ಮೇಲಿನ 1917ರ ಹೊತ್ತಗೆ. ಅವರು 1906ರಿಂದ 1922ರವರೆಗೆ ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಗುಡಿಯ ಶಿಲ್ಪಿಗಳ ಸಹಿಗಳನ್ನು ಗಮನಿಸಿ ದಾಖಲಿಸುವ ಕೆಲಸ ಅವರ ಕಾಲದಲ್ಲಿ ದೊಡ್ಡದಾಗಿ ನಡೆಯಿತು. ಇಲ್ಲಿ ಪುಸ್ತಕ ಕೆಳಗಿಳಿಸಿಕೊಂಡು ಮುಂದೆ ಹೋಗಬಾರದು, ಅದರ ದಾಖಲೆಯ ಎದುರು ಹತ್ತು ನಿಮಿಷ ಕೂರಬೇಕು.

ಮಾಲೆಯ ಹೆಸರನ್ನು ಒತ್ತಿದರೆ ಅದೇ ಮಾಲೆಯ ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಹೊತ್ತಗೆಗಳು ಬರುತ್ತವೆ, ಎರಡೂ 1919ರವು. ಬೇಲೂರಿನದು ಮುಖ್ಯ, ಏಕೆಂದರೆ 1117ರ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಸಹಿಗಳಿವೆ. ಸಹಿ ಹಾಕುವ ಪದ್ಧತಿ ಹೇಗಿತ್ತು ಎಂದು ಹೋಲಿಸಲು ಅದು ಬೇಕು. ಲೇಖಕರ ಹೆಸರನ್ನು ಒತ್ತಿದರೆ ಇಂಗ್ಲಿಷ್ ಪುಸ್ತಕಗಳಷ್ಟೇ ಬರಬಹುದು. ಕವಿಚರಿತೆಯ ಕರ್ತೃವಾಗಿ ಅವರೇ ಕನ್ನಡದಲ್ಲಿ ‘ನರಸಿಂಹಾಚಾರ್ಯ’. ಎರಡೂ ರೂಪಗಳನ್ನು ಒಬ್ಬನೇ ವ್ಯಕ್ತಿಗೆ ಕಟ್ಟಿಡದ ಕ್ಯಾಟಲಾಗುಗಳಲ್ಲಿ ಅವರು ಇಬ್ಬರಾಗುತ್ತಾರೆ. ಎರಡನ್ನೂ ಹುಡುಕಿ.

ವಿಷಯಶೀರ್ಷಿಕೆಯ ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದು ಲೇಖಕರ ಪದವಲ್ಲ, ಗ್ರಂಥಾಲಯ ಆರಿಸಿಕೊಂಡ ನಿಯತ ಪದ. ಶೀರ್ಷಿಕೆಯಲ್ಲಿ ಏನೇ ಇದ್ದರೂ ಒಂದೇ ವಿಷಯದ ಪುಸ್ತಕಗಳು ಅದರಡಿ ಸೇರುತ್ತವೆ. ಆ ಪದವನ್ನು ಊಹಿಸಲು ಹೋಗದೆ, ಸಿಕ್ಕ ಒಳ್ಳೆಯ ದಾಖಲೆಯಿಂದಲೇ ಎತ್ತಿಕೊಳ್ಳಬೇಕು. ಹಿಂದೂ ದೇವಾಲಯಗಳು, ಭಾರತ, ಕರ್ನಾಟಕ ಎಂಬ ಸರಪಳಿ ಅಲ್ಲಿ ಕಾಣುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ದಾಖಲೆಗಳನ್ನು ತಿದ್ದದೆ ಬಿಟ್ಟ ಗ್ರಂಥಾಲಯಗಳಲ್ಲಿ ಅದೇ ಸರಪಳಿಯ ಕೊನೆಗೆ ‘ಮೈಸೂರು’ ಇರುತ್ತದೆ. ಎರಡೂ ಬೇಕು.

ವರ್ಗಸಂಖ್ಯೆಯೂ ಕೈಹಿಡಿಯುತ್ತದೆ. ಡ್ಯೂಯಿ ಪದ್ಧತಿಯಲ್ಲಿ ಹಿಂದೂ ದೇವಾಲಯ ವಾಸ್ತು 726.145, ಭಾರತದ ಶಿಲ್ಪ 730.954, ಕರ್ನಾಟಕದ ಇತಿಹಾಸ 954.87. ಒಂದೇ ಗುಡಿಯ ಪುಸ್ತಕಗಳು ಮೂರು ಕಪಾಟುಗಳಿಗೆ ಚದುರಿ ಹೋಗಿರುತ್ತವೆ. ಕೋಹಾ ತಂತ್ರಾಂಶ ಬಳಸುವ ಗ್ರಂಥಾಲಯಗಳಲ್ಲಿ ಪುಸ್ತಕದ ದಾಖಲೆಯೊಳಗೆ ಕಪಾಟನ್ನು ಅಡ್ಡಕ್ಕೆ ನೋಡುವ ಕೊಂಡಿ ಇರುತ್ತದೆ. ಅಕ್ಕಪಕ್ಕದ ಪುಸ್ತಕಗಳ ಹೆಸರು ಮನೆಯಲ್ಲೇ ಕೂತು ಓದಬಹುದು. ಕೊಂಡಿ ಇಲ್ಲದಿದ್ದರೆ ಕಾಲ್ನಡಿಗೆಯಲ್ಲಿ ಆ ಮೂರು ಕಪಾಟಿಗೂ ಹೋಗಿ ನಿಲ್ಲುವುದು ಇಂದಿಗೂ ಅತ್ಯುತ್ತಮ ವಿಧಾನ.

ವಾರ್ಷಿಕ ವರದಿಗಳು ಏಕೆ ಕಣ್ತಪ್ಪುತ್ತವೆ

ಸಹಿಗಳ ಅಸಲಿ ಗಣಿ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. ನರಸಿಂಹಾಚಾರ್, ಅವರ ನಂತರ ಆರ್. ಶಾಮಶಾಸ್ತ್ರಿ, ಆಮೇಲೆ ಎಂ.ಎಚ್. ಕೃಷ್ಣ ಇವರ ಕಾಲದ ಪ್ರವಾಸ ಟಿಪ್ಪಣಿಗಳು, ಗುಡಿ ಗುಡಿಯ ವಿವರಣೆಗಳು, ಸಣ್ಣ ಸಣ್ಣ ಬರಹಗಳ ಓದು ಅಲ್ಲಿವೆ. ಆದರೂ ಊರಿನ ಹೆಸರು ಹಾಕಿದಾಗ ಇವು ಬರುವುದೇ ಇಲ್ಲ. ಏಕೆಂದರೆ ಕ್ಯಾಟಲಾಗಿನಲ್ಲಿ ಇಡೀ ವರದಿಮಾಲೆಗೆ ಒಂದೇ ದಾಖಲೆ, ನಿಯತಕಾಲಿಕದ ದಾಖಲೆ. ಅದರಲ್ಲಿ ಸೋಮನಾಥಪುರವೂ ಇಲ್ಲ, ಹೊಯ್ಸಳವೂ ಇಲ್ಲ, ಇರುವುದು ಇಲಾಖೆಯ ಹೆಸರು ಮತ್ತು ‘ವಾರ್ಷಿಕ ವರದಿ’ ಎಂಬ ಪದ ಮಾತ್ರ.

ಆದ್ದರಿಂದ ಸಂಸ್ಥೆಯನ್ನೇ ಲೇಖಕ ಎಂದು ಭಾವಿಸಿ ಲೇಖಕರ ಖಾನೆಯಲ್ಲಿ ಹುಡುಕಬೇಕು. ಇಲ್ಲೂ ಹೆಸರು ಬದಲಾಗುತ್ತಾ ಹೋಗಿದೆ: ಸಂಸ್ಥಾನದ ಕಾಲದಲ್ಲಿ ಮೈಸೂರು ಪುರಾತತ್ವ ಇಲಾಖೆ, ಕೃಷ್ಣ ಅವರ ಕಾಲದ ವರದಿಗಳ ಮುಖಪುಟದಲ್ಲಿ ಮೈಸೂರು ವಿಶ್ವವಿದ್ಯಾಲಯ, ಆಮೇಲೆ ಪ್ರಾಚ್ಯವಸ್ತು ಮತ್ತು ಸಂಗ್ರಹಾಲಯಗಳ ನಿರ್ದೇಶನಾಲಯ. ದಾಖಲೆ ಸಿಕ್ಕಮೇಲೆ ‘ಸಂಗ್ರಹದಲ್ಲಿರುವ ಸಂಪುಟಗಳು’ ಎಂಬ ಭಾಗವನ್ನು ಬಿಡಿಸಿ ಯಾವ ವರ್ಷ ಇದೆ, ಯಾವುದು ಇಲ್ಲ ಎಂದು ಬರೆದುಕೊಳ್ಳಬೇಕು. ವರದಿಯ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಅಡಿಟಿಪ್ಪಣಿಯಲ್ಲಿ ಒಬ್ಬರು ವರದಿಯ ವರ್ಷ ಕೊಟ್ಟಿದ್ದರೆ ಇನ್ನೊಬ್ಬರು ಅಚ್ಚಿನ ವರ್ಷ ಕೊಟ್ಟಿರುತ್ತಾರೆ. ಒಂದೇ ವರದಿಯನ್ನು ಎರಡು ಎಂದು ಭಾವಿಸಿ ಅಲೆದಾಡಿದವರು ಇದ್ದಾರೆ.

ಶಾಸನಗಳನ್ನು ಒಟ್ಟುಗೂಡಿಸಿ ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳದು ಇದಕ್ಕೆ ಸೋದರ ಸಮಸ್ಯೆ. ರೈಸ್ ಅವರ ಮೂಲ ಸಂಪುಟಗಳು ಅಂದಿನ ಜಿಲ್ಲೆಗಳ ಪ್ರಕಾರ ಇವೆ. ಅಮೃತಾಪುರಕ್ಕೆ ಕಡೂರು ಜಿಲ್ಲೆಯ 6ನೆಯ ಸಂಪುಟ ನೋಡಬೇಕು, ಚಿಕ್ಕಮಗಳೂರು ಎಂದು ಹುಡುಕಿದರೆ ಸಿಗದು. ಸೋಮನಾಥಪುರ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿರುವುದರಿಂದ ಮೈಸೂರು ಜಿಲ್ಲೆಯ 3ನೆಯ ಸಂಪುಟ. ಬೇಲೂರಿಗೆ ಹಾಸನ ಜಿಲ್ಲೆಯ 5ನೆಯದು, 1902ರ ಮುದ್ರಣ. ಶಾಸನಗಳಿಗೆ ತಾಲ್ಲೂಕಿನ ಸಂಕ್ಷಿಪ್ತಾಕ್ಷರದ ಮುಂದೆ ಸಂಖ್ಯೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆಯೂ ಸಂಖ್ಯೆಗಳೂ ಬೇರೆ, ಬೇಲೂರಿಗೆ ಅಲ್ಲಿ 9ನೆಯ ಸಂಪುಟ. ಲೇಖನವೊಂದರಲ್ಲಿ ‘ಸಂಪುಟ 5’ ಎಂದಿದ್ದರೆ ಯಾವ ಆವೃತ್ತಿಯ 5 ಎಂದು ಮೊದಲು ಇತ್ಯರ್ಥ ಮಾಡಿಕೊಳ್ಳದೆ ಪುಟ ತೆರೆಯಬಾರದು.

ಯಾವ ಡೇಟಾಬೇಸಿನಲ್ಲಿ ಏನಿಲ್ಲ

ಕಲಾ ಇತಿಹಾಸ ಎಂದ ಕೂಡಲೇ ಕೈಪಿಡಿಗಳು ತೋರಿಸುವುದು ಅಮೆರಿಕದ ಗೆಟ್ಟಿ ಸಂಸ್ಥೆಯ ಕಲಾ ಇತಿಹಾಸ ಸೂಚಿಯನ್ನು. ಉಚಿತವಾಗಿ ಸಿಗುತ್ತದೆ, ಅಚ್ಚುಕಟ್ಟಾಗಿದೆ. ಆದರೆ ಅದು 1975ರಿಂದ 2007ರವರೆಗೆ ಪ್ರಕಟವಾದ, ಯುರೋಪ್ ಮತ್ತು ಅಮೆರಿಕದ ಕಲೆಯ ಬಗೆಗಿನ ಬರಹಗಳ ಸೂಚಿ. ಹೊಯ್ಸಳ ಎಂದು ಹಾಕಿ ಬರಿಗೈಯಲ್ಲಿ ಬಂದರೆ ಅದು ಸೂಚಿಯ ಎಲ್ಲೆ, ವಿಷಯದ ಬಡತನವಲ್ಲ. ಡೇಟಾಬೇಸೊಂದನ್ನು ತೆರೆಯುವ ಮೊದಲು ಅದರ ವ್ಯಾಪ್ತಿಯ ಪುಟವನ್ನು ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಮ್ಮ ಕೆಲಸಕ್ಕೆ ಹತ್ತಿರವಾದದ್ದು ಎರಡು. ಒಂದು, ಹಾಲೆಂಡಿನ ಲೈಡನ್ನಿನ ಕೆರ್ನ್ ಸಂಸ್ಥೆ 1920ರ ದಶಕದಲ್ಲಿ ಶುರುಮಾಡಿದ ಭಾರತೀಯ ಪುರಾತತ್ವದ ವಾರ್ಷಿಕ ಗ್ರಂಥಸೂಚಿ ಮತ್ತು ಅದರ ಪರಂಪರೆಯಲ್ಲಿ ಬಂದ ಅಬಿಯಾ ಸೂಚಿ, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಲೆ, ಪುರಾತತ್ವಕ್ಕೇ ಮೀಸಲು. ಇನ್ನೊಂದು ಏಷ್ಯಾ ಅಧ್ಯಯನಗಳ ಗ್ರಂಥಸೂಚಿ, ಇದರಲ್ಲಿ ಪಾಶ್ಚಾತ್ಯ ಭಾಷೆಗಳ ಲೇಖನಗಳದೇ ಮೇಲುಗೈ. ಕನ್ನಡ ಲೇಖನಗಳನ್ನು ಇಲ್ಲಿ ನಿರೀಕ್ಷಿಸಬೇಡಿ.

ಜೆಸ್ಟೋರ್ ಇವುಗಳಿಗಿಂತ ಭಿನ್ನ, ಅಲ್ಲಿ ಲೇಖನಗಳ ಪೂರ್ಣಪಠ್ಯವೇ ಹುಡುಕಲು ಸಿಗುತ್ತದೆ. ಮೀಸಲಿಟ್ಟಿದ್ದ ಶಿಲ್ಪಿಯ ಹೆಸರನ್ನು ಹೊರತೆಗೆಯಬೇಕಾದದ್ದು ಇಲ್ಲಿ. ‘ಟಿ’ ರೂಪ, ‘ಟಿಎಚ್’ ರೂಪ ಎರಡನ್ನೂ ‘ಆರ್’ ಹಾಕಿ ಕೊಡಿ. ಎರಡು ಪದಗಳು ಹತ್ತಿರ ಹತ್ತಿರ ಬರಬೇಕೆಂದರೆ ಅವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅಲೆಗೆರೆ (~) ಮತ್ತು 25 ಎಂದು ಬರೆದರೆ 25 ಪದಗಳ ಅಂತರದೊಳಗೆ ಬರುವ ಕಡೆಗಳನ್ನು ಕೊಡುತ್ತದೆ. ಹೊಯ್ಸಳ ಮತ್ತು ಸಹಿ ಎಂಬುದಕ್ಕೆ ಇಂಗ್ಲಿಷಿನ ಪದವನ್ನು ಹೀಗೆ ಜೋಡಿಸಿದರೆ ಶಿಲ್ಪಿಯ ಹೆಸರೇ ಇಲ್ಲದ, ಆದರೆ ಸಹಿಯ ಪದ್ಧತಿಯನ್ನು ಚರ್ಚಿಸುವ ಲೇಖನಗಳೂ ಬರುತ್ತವೆ. ಇತ್ತೀಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳು ಹಲವು ಪತ್ರಿಕೆಗಳಿಗೆ ಅಲ್ಲಿ ಇರುವುದಿಲ್ಲ. ಅವನ್ನು ಪತ್ರಿಕೆಯ ತಾಣದಲ್ಲೇ ನೋಡಿ.

ಸ್ಕ್ಯಾನ್ ಮಾಡಿದ ಗ್ರಂಥಾಲಯ ಪುಸ್ತಕಗಳ ಭಂಡಾರವಾದ ಹಾಥಿಟ್ರಸ್ಟ್‌ನಲ್ಲಿ ಓದಲು ತೆರೆದಿಡದ ಪುಸ್ತಕಗಳಲ್ಲೂ ಹುಡುಕಲು ಬರುತ್ತದೆ. ಪದ ಯಾವ ಪುಟದಲ್ಲಿದೆ ಎಂದು ಮಾತ್ರ ಹೇಳುತ್ತದೆ. ಪುಟಸಂಖ್ಯೆ ಗೊತ್ತಾದರೆ ಇಲ್ಲಿನ ಗ್ರಂಥಾಲಯದಲ್ಲಿ ಅದೇ ಪುಸ್ತಕ ತೆಗೆದು ನೇರ ಆ ಪುಟಕ್ಕೆ ಹೋಗಬಹುದು.

ಸ್ಕ್ಯಾನ್ ಆದ ಪುಟ ಸುಳ್ಳು ಹೇಳುವಾಗ

ಹಳೆಯ ವರದಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪ್ರತಿಗಳ ವಿವರ ತುಂಬಾ ಒರಟು. ಶೀರ್ಷಿಕೆ ಅರ್ಧ, ಲೇಖಕರ ಜಾಗದಲ್ಲಿ ಇನ್ಯಾರೋ, ವರ್ಷ ತಪ್ಪು. ಒಂದೇ ವರದಿ ಮೂರು ಹೆಸರಿನಲ್ಲಿ ಇರುವುದೂ ಉಂಟು. ಶೀರ್ಷಿಕೆಯ ಎರಡೇ ಎರಡು ಗಟ್ಟಿ ಪದ ಹಾಕಿ, ಮುಖಪುಟ ತೆರೆದು ವರ್ಷವನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಕನ್ನಡ ಪುಸ್ತಕಗಳಿಗೆ ಪುಸ್ತಕ ಸಂಚಯ ತಾಣ ನೆರವಾಗುತ್ತದೆ, ಕನ್ನಡ ಲಿಪಿಯಲ್ಲೇ ಶೀರ್ಷಿಕೆ ಹುಡುಕಬಹುದು.

ಪಠ್ಯದೊಳಗೆ ಹುಡುಕುವಾಗ ಮೂರು ಕಡೆ ಮೋಸವಾಗುತ್ತದೆ. ಸಾಲಿನ ಕೊನೆಯಲ್ಲಿ ‘ಮಲ್ಲಿ’ ಎಂದು ಅಡ್ಡಗೆರೆ ಬಿದ್ದು ‘ತಮ್ಮ’ ಮುಂದಿನ ಸಾಲಿಗೆ ಹೋಗಿದ್ದರೆ ಹೆಸರು ಸಿಗದು. ಎರಡು ತುಂಡುಗಳನ್ನೂ ಬೇರೆ ಬೇರೆ ಹುಡುಕಬೇಕು. ಳ-ಕಾರಕ್ಕೆ ಕೆಳಚುಕ್ಕಿ ಹಾಕಿದ ‘ಎಲ್’ ಅಕ್ಷರವನ್ನು ಯಂತ್ರ ‘ಜೆ’ ಎಂದೋ ‘ಎಫ್’ ಎಂದೋ ಓದಿಬಿಡುತ್ತದೆ, ಹೀಗಾಗಿ ಹೊಯ್ಸಳ ಎಂಬುದೇ ಗುರುತು ಸಿಗದಂತಾಗುತ್ತದೆ. ಮೂರನೆಯದಕ್ಕೆ ಯಂತ್ರದಲ್ಲಿ ಪರಿಹಾರವೇ ಇಲ್ಲ. ‘ಮಲ್ಲಿ’, ‘ಮ’ ಎಂಬ ಸಹಿಗಳನ್ನು ಯಾವ ಹುಡುಕುಪೆಟ್ಟಿಗೆಯೂ ಹಿಡಿಯಲಾರದು. ಆ ಪುಟಗಳನ್ನು ಸಾಲು ಸಾಲಾಗಿ ಓದಲೇಬೇಕು. ಮೂರು ವಾರಗಳಲ್ಲಿ ಒಂದು ಇಡೀ ವಾರವನ್ನು ಈ ಓದಿಗೆ ಎತ್ತಿಡುವುದು ಒಳ್ಳೆಯದು.

ಶೋಧಗಂಗಾದ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯಕ್ಕೊಂದು ಕಡತವಾಗಿ ಇರುತ್ತವೆ. ಹೊಯ್ಸಳ ಶಿಲ್ಪದ ಮೇಲಿನ ಪ್ರಬಂಧ ಸಿಕ್ಕರೆ ಮೊದಲು ತೆರೆಯಬೇಕಾದದ್ದು ಕೊನೆಯ ಕಡತ, ಗ್ರಂಥಋಣ. ಕನ್ನಡ ಪ್ರಬಂಧಗಳಲ್ಲಿ ಹಲವು ‘ನುಡಿ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾದವು. ಪರದೆಯ ಮೇಲೆ ಕನ್ನಡ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಬೀಳುತ್ತವೆ. ಅಂಥ ಕಡತದೊಳಗೆ ಕನ್ನಡ ಪದ ಹುಡುಕಿದರೆ ಸಿಗುವುದು ಸಾಧ್ಯವೇ ಇಲ್ಲ. ಸಿಗಲಿಲ್ಲ ಎಂದು ಬರೆದಿಡುವ ಮೊದಲು ಒಂದು ಸಾಲು ನಕಲು ಮಾಡಿ ಪರೀಕ್ಷಿಸಿ.

ಕನ್ನಡದ ಬಿಡಿ ಲೇಖನಗಳ ಸ್ಥಿತಿ ನಿಜಕ್ಕೂ ನೋವು ಕೊಡುವಂಥದು. ಪ್ರಬುದ್ಧ ಕರ್ಣಾಟಕ, ಸಾಹಿತ್ಯ ಪರಿಷತ್ಪತ್ರಿಕೆ, ಇತಿಹಾಸ ದರ್ಶನ ಇವುಗಳಲ್ಲಿನ ಲೇಖನಗಳೂ, ವಿದ್ವಾಂಸರಿಗೆ ಅರ್ಪಿಸಿದ ಅಭಿನಂದನ ಗ್ರಂಥಗಳಲ್ಲಿನ ಲೇಖನಗಳೂ ಯಾವ ಅಂತರರಾಷ್ಟ್ರೀಯ ಸೂಚಿಗೂ ಸರಿಯಾಗಿ ಹತ್ತಿಲ್ಲ. ಅಭಿನಂದನ ಗ್ರಂಥಕ್ಕೆ ಕ್ಯಾಟಲಾಗಿನಲ್ಲಿ ಒಂದೇ ಸಾಲು, ಒಳಗಿನ ಹತ್ತಾರು ಲೇಖನಗಳ ಸುಳಿವೇ ಇಲ್ಲ. ಇಲ್ಲಿ ನಡೆಯುವುದು ಒಂದೇ ದಾರಿ, ಪ್ರತಿ ಸಂಚಿಕೆಯ ಪರಿವಿಡಿ ತಿರುವುವುದು. ಪರಿವಿಡಿಯ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದು, ಪತ್ರಿಕೆಯ ಹೆಸರು, ಸಂಪುಟ, ವರ್ಷವನ್ನು ಕಡತದ ಹೆಸರಾಗಿ ಇಟ್ಟರೆ ಮತ್ತೆ ಅದೇ ಕಪಾಟಿಗೆ ಹೋಗುವ ಕೆಲಸ ತಪ್ಪುತ್ತದೆ.

ಫೋಟೊಗಳಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗ್ರಹ ಒಳ್ಳೆಯದು, ಶಿಕಾಗೋದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯ ಮೂಲಕವೂ ಅದನ್ನು ನೋಡಬಹುದು. ಅಲ್ಲಿ ಶಿಲ್ಪಿಯ ಹೆಸರಿನಿಂದ ಹುಡುಕಬೇಡಿ. ಊರು, ಗುಡಿ, ದೇವತೆ, ಈ ಕ್ರಮದಲ್ಲಿ ಇಳಿಯಿರಿ.

ಟಿಪ್ಪಣಿ ಪುಸ್ತಕ

ಪ್ರತಿ ಹುಡುಕಾಟಕ್ಕೂ ಐದು ಖಾನೆ: ದಿನಾಂಕ, ಎಲ್ಲಿ ಹುಡುಕಿದ್ದು, ಟೈಪು ಮಾಡಿದ ಸಾಲು ಅಕ್ಷರಶಃ, ಸಿಕ್ಕಿದ್ದು, ಸಿಗದಿದ್ದರೆ ಊಹಿಸಿದ ಕಾರಣ. ಐದನೆಯ ಖಾನೆಯೇ ಈ ಪ್ರಕರಣವನ್ನು ಮುಂದಕ್ಕೆ ತಳ್ಳುವುದು. ‘ವ್ಯಾಪ್ತಿಯಲ್ಲಿಲ್ಲ’, ‘ಕಾಗುಣಿತ’, ‘ನಿಯತಕಾಲಿಕದ ದಾಖಲೆ’, ‘ನುಡಿ ಫಾಂಟು’ ಎಂದು ಬರೆದ ಸಾಲುಗಳಿಗೆ ಮತ್ತೆ ಹೋಗಬೇಕು. ‘ಎಲ್ಲ ರೂಪ ನೋಡಿದೆ, ಇಲ್ಲ’ ಎಂದು ಬರೆದ ಸಾಲುಗಳನ್ನು ಮಾತ್ರ ಮುಚ್ಚಬಹುದು. ಸಿಕ್ಕ ದಾಖಲೆಗಳು ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೋ ತಂತ್ರಾಂಶದಲ್ಲಿ, ಕನ್ನಡ ಶೀರ್ಷಿಕೆ ಕನ್ನಡದಲ್ಲೇ, ಗ್ರಂಥಾಲಯದ ರೋಮನ್ ರೂಪ ಟಿಪ್ಪಣಿಯಲ್ಲಿ.

ಮೂರನೆಯ ವಾರದ ಕೊನೆಗೆ ಅವಳ ಮೇಜಿನ ಮೇಲೆ ನರಸಿಂಹಾಚಾರ್ ಅವರ 1917ರ ಪಟ್ಟಿ ಇದೆ, ಹೊಯ್ಸಳ ಕಲಾವಿದರ ಗುರುತು ಮತ್ತು ಶೈಲಿಯ ಮೇಲೆ ಕೆಲ್ಲೆಸನ್ ಕಾಲ್ಯರ್ 1990ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಅಧ್ಯಯನ ಇದೆ, ವಾರ್ಷಿಕ ವರದಿಗಳಿಂದ ಎತ್ತಿದ ಟಿಪ್ಪಣಿಗಳಿವೆ. ಮೂರನ್ನೂ ಒಂದೇ ಕೋಷ್ಟಕಕ್ಕೆ ಇಳಿಸುವಾಗ ಪೂರ್ತಿ ‘ಮಲ್ಲಿತಮ್ಮ’ ಎಂದಿರುವ ವಿಗ್ರಹಗಳಿಗೆ ಒಂದು ಖಾನೆ, ‘ಮಲ್ಲಿ’ಗೆ ಇನ್ನೊಂದು, ‘ಮ’ಕ್ಕೆ ಮತ್ತೊಂದು. ಸೋಮನಾಥಪುರದಲ್ಲಿ ಮಸಣಿತಮ್ಮ ಎಂಬ ಶಿಲ್ಪಿಯೂ ಕೆಲಸ ಮಾಡಿದ್ದಾನೆ, ಅವನದೂ ಮ-ಕಾರವೇ. ಆದ್ದರಿಂದ ಮೂರನೆಯ ಖಾನೆಯ ವಿಗ್ರಹಗಳನ್ನು ಮಲ್ಲಿತಮ್ಮನ ಲೆಕ್ಕಕ್ಕೆ ಸೇರಿಸದೆ ಬಿಟ್ಟು, ಗುಡಿಯ ನಕ್ಷೆಯ ಮೇಲೆ ಅವುಗಳ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು, ಬೆಳಗಿನ ಓರೆ ಬಿಸಿಲು ಅಕ್ಷರಗಳ ಮೇಲೆ ಬೀಳುವ ಹೊತ್ತಿಗೆ ಸೋಮನಾಥಪುರದಲ್ಲಿ ಇರುವಂತೆ ಅವಳು ಹೊರಡಬೇಕು.